ಗಟ್ಟಿ ಕ್ಲಚ್ಚು

ಸುಟ್ಟ ವಾಸನೆ ಬಂದಾಗ ಲೀಲಾಕ್ಷಿ ಮೊದಲು ನೋಡಿದ್ದು ಒಲೆಯನ್ನು. ಬಾಣಲೆಯಲ್ಲಿ ಸಾಫಿ ಮೀನು ಕೆಂಪಗಾಗುತ್ತಿತ್ತು, ಸೀದಿರಲಿಲ್ಲ. ಅನ್ನದ ಪಾತ್ರೆಯ ಅಡಿ ಹಿಡಿದಿರಲಿಲ್ಲ. ದೇವರ ಮಂಟಪದ ಎದುರು ಬತ್ತಿ ನೆಟ್ಟಗೆ ಉರಿಯುತ್ತಿತ್ತು. ಮತ್ತೆ ಎಲ್ಲಿಂದ ಎಂದು ಕಿಟಕಿಯಿಂದ ಬಗ್ಗಿ ನೋಡಿದರೆ, ಎರಡು ಮಾಳಿಗೆ ಕೆಳಗೆ, ಇಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಮೂಲೆಯ ದಿನಸಿ ಅಂಗಡಿಯ ಎದುರು ಗಂಡನ ಜೀಪು ನಿಂತಿತ್ತು. ಅದರ ಹೊಟ್ಟೆಯ ಅಡಿಯಿಂದ ತೆಳ್ಳಗೆ ಹೊಗೆ ಹೊರಡುತ್ತಿತ್ತು. ವಸಂತಕುಮಾರ ಕೆಳಗಿಳಿದವನು ಒಂದು ಕೈಯನ್ನು ಬಾನೆಟ್ಟಿನ ಮೇಲಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವನ ಹಾಗೆ ನಿಂತಿದ್ದ.

ಆ ಜೀಪು ಮೊದಲು ಕಂಪೆನಿಯದ್ದೇ ಆಗಿತ್ತು. ಬಹರೈನಿನ ಹಮದ್ ಟೌನಿನ ಮನೆಗಳ ರಿಪೇರಿ ಕೆಲಸ ಹಿಡಿದಿದ್ದ ಕಂಪೆನಿಗೆ ಹೊಸ ಪಿಕಪ್‌ಗಳು ಬಂದಾಗ, ನಾಲ್ಕು ಚಕ್ರಕ್ಕೂ ಎಳೆತ ಇರುವ ಈ ಹಳೆಯ ಗಾಡಿಯನ್ನು ಧಣಿಗಳು ಸೂಪರ್‌ವೈಸರ್ ವಸಂತಕುಮಾರನಿಗೇ ಕೊಟ್ಟುಬಿಟ್ಟಿದ್ದರು. ಅಂದಿನಿಂದ ಉಮ್ ಅಲ್ ಹಸ್ಸಮ್‌ನ ಆ ಮನೆಯಲ್ಲಿ ಬೆಳಗು ಹುಟ್ಟುತ್ತಿದ್ದುದೇ ಅದರ ಸದ್ದಿನಿಂದ. ಮೊದಲು ಮೊಮ್ಮಗಳು ಅನಿಷಾಳನ್ನು ಶಾಲೆಗೆ ಬಿಡಬೇಕು. ಅಲ್ಲಿಂದ ಕೆಲಸಗಾರರ ಕ್ಯಾಂಪಿಗೆ ಹೋಗಿ ನಾಲ್ಕು ಜನ ಮೇಸ್ತ್ರಿಗಳನ್ನು ಹತ್ತಿಸಿಕೊಂಡು ಹಮದ್ ಟೌನಿಗೆ. ಸಂಜೆ ಅದೇ ದಾರಿ ಹಿಂದೆ.

ಊಟಕ್ಕೆ ಕುಳಿತಾಗ ಮಗ ರೂಪೇಶನೇ ಮಾತು ತೆಗೆದ. ಅವನು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನಲ್ಲಿದ್ದ, ಬ್ಯಾಂಕಿನ ವ್ಯಾನಿನಲ್ಲೇ ಹೋಗಿ ಬರುತ್ತಿದ್ದ.

"ಪುನಃ ಕ್ಲಚ್ಚಾ ಅಪ್ಪ?"

"ಹೂಂ."

"ಕಳೆದ ದೀಪಾವಳಿ ಹತ್ತಿರ ಹಾಕಿಸಿದ್ದಲ್ವಾ? ಕ್ಲಚ್ಚು ಅಂದ್ರೆ ಎಂತ, ಹಲ್ಲುಜ್ಜುವ ಬ್ರಶ್ಶಾ, ವರ್ಷ ವರ್ಷ ಬದಲಿಸ್ಲಿಕ್ಕೆ?"

"ಹಮದ್ ಟೌನಿನ ದಾರಿ ನೋಡಿದ್ದೀಯಾ ನೀನು? ಒಂದು ರೌಂಡಬೌಟ್ ದಾಟಿ ಉಸಿರು ಬಿಡುವುದರೊಳಗೆ ಇನ್ನೊಂದು. ಒತ್ತು, ಬಿಡು, ಒತ್ತು, ಬಿಡು. ಏಸಿ ಕೆಳಗೆ ಕೂತವನಿಗೆ ಅದು ಅರ್ಥ ಆಗ್ಲಿಕ್ಕಿಲ್ಲ."

"ಊರಿನ ಎಲ್ಲ ಗಾಡಿಗಳೂ ಅದೇ ರೌಂಡಬೌಟ್ ಸುತ್ತುದು. ಉಳಿದವರದ್ದು ಸುಡುದಿಲ್ಲ."

ಸೊಸೆ ಅಶ್ಮಿತಾ ಮಗಳ ತಟ್ಟೆಯಲ್ಲಿ ಮೀನಿನ ಮುಳ್ಳು ತೆಗೆಯುತ್ತಿದ್ದಳು. ಅವಳು ಡ್ರೈವಿಂಗ್ ಕಲಿಯಲು ಶುರುಮಾಡಿ ಸ್ವಲ್ಪ ಸಮಯವಾಗಿತ್ತು. ತಲೆ ಎತ್ತದೆಯೇ ಹೇಳಿದಳು, "ಮಾವ, ಈ ಸಲ ಸ್ವಲ್ಪ ಮೆತ್ತಗಿನದ್ದು ಹಾಕಿಸುವ. ನನಗೆ ಲೈಸೆನ್ಸ್ ಸಿಕ್ಕಿದ್ರೆ ಅನಿಷಾನನ್ನು ನಾನೇ ಬಿಡ್ತೇನೆ. ನಿಮಗೆ ಬೆಳಿಗ್ಗೆ ಆ ಒಂದು ಸುತ್ತು ತಪ್ತದೆ."

ವಸಂತಕುಮಾರ ಅನ್ನ ಕಲಸುವುದನ್ನು ನಿಲ್ಲಿಸಿದ. "ಮೆತ್ತಗಿನದ್ದು ಬೇಡ. ಇರುವುದರಲ್ಲಿ ಗಟ್ಟಿಯದ್ದು ಯಾವುದೋ ಅದು."

"ನಿಮ್ಮ ಕಾಲಿಗೂ ಕಷ್ಟ ಅಲ್ವಾ? ಈ ಪ್ರಾಯದಲ್ಲಿ..."

"ನನ್ನ ಕಾಲಿನ ವಿಷಯ ನನಗೆ ಬಿಡು."

ಅಷ್ಟು ಬಿರುಸಾಗಿ ಅವನು ಸೊಸೆಯ ಹತ್ತಿರ ಯಾವತ್ತೂ ಮಾತಾಡಿದವನಲ್ಲ. ಲೀಲಾಕ್ಷಿ ಸುಮ್ಮನೆ ಎಲ್ಲರ ತಟ್ಟೆಗೂ ಇನ್ನೊಂದಿಷ್ಟು ಸಾರು ಹಾಕಿದಳು. ಮಾತು ಕಟ್ಟಿದಲ್ಲಿ ಸಾರು ಹಾಕುವುದು ಅವಳ ಕ್ರಮ.

ಮರುದಿನ ಸಂಜೆ ತರಕಾರಿಗೆಂದು ಹೊರಟವಳು ಗಂಡನ ಜೊತೆ ಗರಾಜಿಗೂ ಹೋಗಬೇಕಾಯಿತು. ಗರಾಜು ಕಜೆಟನ್‌ನದ್ದು. ಅವನು ಬಂಟ್ವಾಳದ ಕಡೆಯ ಕ್ರಿಸ್ತಿಯವನು, ಊರಿನ ರೂಢಿಯಂತೆ ಎಲ್ಲರೂ ಕರೆಯುವುದು ಪೊರ್ಬುಗಳು ಎಂದು. ಗೋಡೆಯಲ್ಲಿ ಮೇರಿಯಮ್ಮನ ಪಟ, ಅದರ ಪಕ್ಕದಲ್ಲೇ ಟಯರ್ ಕಂಪೆನಿಯ ಕ್ಯಾಲೆಂಡರು. ಅವನು ಸುಟ್ಟ ಪ್ಲೇಟನ್ನು ಹೊರತೆಗೆದು ನೆಲದ ಮೇಲಿಟ್ಟಿದ್ದ. ಅದು ಮುಸುರೆ ತಿಕ್ಕದ ಕಾವಲಿಯ ಹಾಗೆ ಕಪ್ಪಗಿತ್ತು.

"ನೋಡಿ ಲೀಲಕ್ಕ, ನಿಮ್ಮ ಯಜಮಾನರು ಇದರಲ್ಲಿ ದೋಸೆ ಹೊಯ್ದಿದ್ದಾರೆ."

"ನನಗೆ ಒಂದೂ ಕೊಡ್ಲಿಲ್ಲ," ಅಂದಳು ಲೀಲಾಕ್ಷಿ.

ಕಜೆಟನ್ ನಕ್ಕು ಬೆಂಚಿನ ಮೇಲೆ ಮೂರು ಸೆಟ್ ಸಾಲಾಗಿ ಇಟ್ಟ. ಒಂದು ಏಜೆನ್ಸಿಯದ್ದು, ಗಾಡಿ ಹುಟ್ಟುವಾಗ ಹೇಗಿತ್ತೋ ಹಾಗೆಯೇ ಇರುವಂಥದ್ದು. ಇನ್ನೊಂದು ಹಗುರ ಸ್ಪ್ರಿಂಗಿನದ್ದು, ಪೇಟೆಯೊಳಗೆ ಓಡಾಡುವವರಿಗೆ. ಮೂರನೆಯದು ಮರಳಿನಲ್ಲಿ ದೋಣಿ ಎಳೆಯುವವರು ಹಾಕಿಸಿಕೊಳ್ಳುವಂಥದ್ದು. ಅದರ ಉಕ್ಕಿನ ಕವರನ್ನು ಲೀಲಾಕ್ಷಿ ಒಂದು ಕೈಯಲ್ಲಿ ಎತ್ತಲು ನೋಡಿದಳು, ಆಗಲಿಲ್ಲ.

"ಮಧ್ಯದ್ದು ತೆಕ್ಕೊಳ್ಳಿ ವಸಂತಣ್ಣ. ಬೆಣ್ಣೆ ಹಾಗೆ ಹೋಗ್ತದೆ. ಸೊಸೆಯೂ ಬಿಡಬಹುದು."

"ಅದು ಬೇಡ ಪೊರ್ಬುಗಳೇ. ಕೊನೆಯದ್ದು ಹಾಕಿ."

"ಅದನ್ನಾ? ಅದನ್ನು ಒತ್ತಿದ್ರೆ ತೊಡೆವರೆಗೆ ಹಿಡಿತದೆ. ನೀವೆಂತ ಜೌಗಿನಲ್ಲಿ ದೋಣಿ ಎಳೀಲಿಕ್ಕೆ ಹೊರಟಿದ್ದಾ?"

"ಒತ್ತಿದ ಕೂಡಲೇ ಅದು ವಾಪಸ್ ತಳ್ತದಾ ಇಲ್ವಾ, ಅದು ಹೇಳಿ."

"ತಳ್ಳುದಾ? ಕತ್ತೆ ಒದ್ದ ಹಾಗೆ ತಳ್ತದೆ."

"ಅದೇ ಬೇಕು."

ಕಜೆಟನ್ ಲೀಲಾಕ್ಷಿಯ ಮುಖ ನೋಡಿದ. ಲೀಲಾಕ್ಷಿ ಗಂಡನ ಮುಖ ನೋಡಿದಳು. ಅವನು ಆ ಕವರಿನ ಸ್ಪ್ರಿಂಗುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವಾಗಲೂ ಅವನಷ್ಟು ಹೊತ್ತು ತೆಗೆದುಕೊಂಡದ್ದನ್ನು ಅವಳು ಕಂಡಿರಲಿಲ್ಲ. ಇವನು ಗಾಡಿಯ ವಸ್ತು ಆರಿಸುತ್ತಿಲ್ಲ, ಬೇರೆ ಏನನ್ನೋ ಹುಡುಕುತ್ತಿದ್ದಾನೆ ಎಂದು ಅವಳಿಗೆ ಆಗಲೇ ಒಳಗೊಳಗೆ ಅನಿಸಿತು. ಏನು ಎಂದು ಗೊತ್ತಾಗಲಿಲ್ಲ.

ಜೀಪು ಮನೆಗೆ ಬಂದ ಸಂಜೆ ಅಶ್ಮಿತಾ ಕೆಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ನೋಡಿದಳು. ಅರ್ಧಕ್ಕಿಂತ ಕೆಳಗೆ ಹೋಗಲಿಲ್ಲ. ಎರಡೂ ಕಾಲಿಟ್ಟು ಒತ್ತಿದಳು. ಕೋಲ್ಡ್ ಸ್ಟೋರಿನ ಮಲಬಾರಿ ಹುಡುಗರು ನೋಡುತ್ತಿದ್ದರು. ಮೇಲೆ ಬಂದವಳೇ ಚಪ್ಪಲಿಯನ್ನು ಗೋಡೆಗೆ ತಾಗುವ ಹಾಗೆ ಬಿಟ್ಟಳು.

"ಅತ್ತೆ, ಮಾವ ಅದನ್ನು ಹಾಕಿಸಿದ್ದು ನಾನು ಗಾಡಿ ಮುಟ್ಟಬಾರದು ಅಂತಲೇ."

"ಛೆ, ಹಾಗೆಲ್ಲ ಹೇಳ್ಬೇಡ."

"ಮತ್ತೆ ಎಂತಕ್ಕೆ? ನಿಮಗೆ ಗೊತ್ತಿದ್ರೆ ಹೇಳಿ."

ಗೊತ್ತಿರಲಿಲ್ಲ. ಆದ್ದರಿಂದ ಲೀಲಾಕ್ಷಿ ಅತ್ತೆಯರು ಹೇಳುವುದನ್ನೇ ಹೇಳಿದಳು, "ಹಿರಿಯರು ಏನೋ ಯೋಚನೆ ಮಾಡಿಯೇ ಮಾಡಿರ್ತಾರೆ." ಅಶ್ಮಿತಾ ಆಮೇಲೆ ಮಾವನ ಚಹಾವನ್ನು ಮೇಜಿನ ಮೇಲಿಟ್ಟು ಹೋಗತೊಡಗಿದಳು, ಕೈಗೆ ಕೊಡುತ್ತಿರಲಿಲ್ಲ.

ಊರಿನ ನಾಲ್ಕಾರು ಮನೆಯವರು ಸೇರಿ ಒಂದು ಹಳೇ ವಿಲ್ಲಾವನ್ನು ಬಾಡಿಗೆಗೆ ಹಿಡಿದು ಪ್ರತಿ ಶುಕ್ರವಾರ ಭಜನೆ ನಡೆಸುತ್ತಿದ್ದರು. ಮಧ್ಯಾಹ್ನ ಮಂಗಳಾರತಿ ಆದ ಮೇಲೆ ದೇವರ ಪಟವನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಮೂರು ಸುತ್ತು ಬರುವ ಪದ್ಧತಿ. ಅಂಗಳಕ್ಕೆ ಹಾಸಿದ್ದು ಸಿಮೆಂಟಿನ ಕಪ್ಪು ಬಿಲ್ಲೆ. ಆಗಸ್ಟ್ ತಿಂಗಳ ಬಹರೈನಿನ ಬಿಸಿಲಿಗೆ ಅದು ಹಂಚಿನ ಹಾಗೆ ಕಾದಿರುತ್ತಿತ್ತು. ಬರಿಗಾಲಿನಲ್ಲಿ ಗಂಡಸರೆಲ್ಲ ತಾಳ ಬಿಟ್ಟು ಕುಣಿಯುತ್ತ, ನೆರಳು ಕಂಡಲ್ಲಿಗೆ ಹಾರುತ್ತ ಸುತ್ತು ಬರುತ್ತಿದ್ದರು. ಹೆಂಗಸರು ಜಗಲಿಯಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ವಸಂತಕುಮಾರ ಒಬ್ಬನೇ ಕುಣಿಯುತ್ತಿರಲಿಲ್ಲ. ಪಟ ಹೊತ್ತು, ಕಣ್ಣು ಅರೆಮುಚ್ಚಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಿಧಾನವಾಗಿ ನಡೆಯುತ್ತಿದ್ದ. ಕಳೆದ ವರ್ಷ ಹೀಗೆ ನಡೆದದ್ದನ್ನು ಕಂಡ ಮೇಲೆ ಪಟ ಹೊರುವ ಕೆಲಸವನ್ನು ಮಂಡಳಿಯವರು ಅವನಿಗೇ ಕಾಯಂ ಮಾಡಿದ್ದರು.

"ನೋಡು ಲೀಲಾ," ಎಂದರು ಪಕ್ಕದಲ್ಲಿ ನಿಂತಿದ್ದ ಕುಸುಮಾವತಿಯಮ್ಮ, ಮಂಡಳಿಗೆಲ್ಲ ಹಿರಿಯರು. "ಶ್ರದ್ಧೆ ಅಂದ್ರೆ ಅದು. ದೇವರು ತಲೆ ಮೇಲೆ ಕೂತಿರುವಾಗ ಕಾಲಿಗೆ ಬಿಸಿ ಎಲ್ಲಿಂದ? ನಮ್ಮವರನ್ನು ನೋಡು, ಕೋಳಿ ಹಾರಿದ ಹಾಗೆ."

ಲೀಲಾಕ್ಷಿ ಕೈ ಮುಗಿದು ನಿಂತಿದ್ದಳು. ಅವಳಿಗೂ ಹಾಗೆಯೇ ಅನಿಸುತ್ತಿತ್ತು. ಒಂದು ಕಾಲದಲ್ಲಿ ಭಜನೆ ತಪ್ಪಿಸಿ ಇಸ್ಪೀಟು ಆಟಕ್ಕೆ ಹೋಗುತ್ತಿದ್ದ ಗಂಡಸು ಈ ಪ್ರಾಯಕ್ಕೆ ಹೀಗೆ ದೇವರ ಕಡೆ ತಿರುಗಿದ್ದು ತನ್ನ ಪ್ರಾರ್ಥನೆಯ ಫಲ ಎಂದು ಅವಳು ನಂಬಿದ್ದಳು. ಯಾರಿಗೂ ಹೇಳದೆ, ಆ ನಂಬಿಕೆಯನ್ನು ಒಡವೆಯ ಹಾಗೆ ಒಳಗೆ ಇಟ್ಟುಕೊಂಡಿದ್ದಳು.

ಆ ಶುಕ್ರವಾರ ಮನೆಗೆ ಬಂದು ಅವನು ಸೋಫಾದ ಮೇಲೆ ಬಲಗಾಲು ಮಡಚಿ ಎಡಗಾಲು ಚಾಚಿದಾಗ ಅವಳು ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದಳು. ಎದುರಿಗೆ ಅವನ ಅಂಗಾಲು. ಎಡ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಬಿಳಿ ಬೊಬ್ಬೆಗಳು ಎದ್ದಿದ್ದವು. ಒಂದು ಒಡೆದು, ಚರ್ಮ ಸುಲಿದು ನೇತಾಡುತ್ತಿತ್ತು.

"ಅಯ್ಯೋ ದೇವರೇ, ಕಾಲು ನೋಡಿ."

"ಎಂತ?" ಎಂದು ಅವನು ಪತ್ರಿಕೆಯಿಂದ ತಲೆ ಎತ್ತಿದ. ಕಾಲು ಮಡಚಿ, ಅಂಗಾಲನ್ನು ತಿರುಗಿಸಿ ನೋಡಿದ. ಬೇರೆ ಯಾರದ್ದೋ ಕಾಲನ್ನು ನೋಡಿದ ಹಾಗೆ ನೋಡಿದ. ಮುಖದಲ್ಲಿ ನೋವಿರಲಿಲ್ಲ, ಹೆದರಿಕೆ ಇತ್ತು.

ಲೀಲಾಕ್ಷಿಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಶ್ರದ್ಧೆಯಲ್ಲ ಅದು. ಅವನಿಗೆ ಬಿಸಿ ಗೊತ್ತೇ ಆಗಿರಲಿಲ್ಲ. ವರ್ಷದಿಂದ ಊರೆಲ್ಲ ಕೈ ಮುಗಿದದ್ದು ಒಂದು ಸತ್ತ ಕಾಲಿಗೆ.

"ಯಾವಾಗಿನಿಂದ?" ಎಂದಳು.

ಮಗ ಸೊಸೆ ಒಳಗಿನ ಕೋಣೆಯಲ್ಲಿದ್ದರು. ಅವನು ಧ್ವನಿ ತಗ್ಗಿಸಿದ. "ಹೋದ ವರ್ಷದಿಂದ. ಮೊದಲು ಜುಮ್ ಅಂತಿತ್ತು. ಆಮೇಲೆ ದಪ್ಪ ಕಾಲುಚೀಲ ಹಾಕಿದ ಹಾಗೆ. ಈಗ ಎಂತದೂ ಇಲ್ಲ."

"ಸಕ್ಕರೆ ಕಾಯಿಲೆಯದ್ದು?"

"ಆಗಿರಬಹುದು."

"ಮಾತ್ರೆ ನುಂಗ್ತಿದ್ದೇನೆ ಅಂತ ಹೇಳಿದ್ರಿ."

ಅವನು ಪತ್ರಿಕೆ ಮಡಚಿ ಪಕ್ಕಕ್ಕಿಟ್ಟ. ಆಗ ಅವಳಿಗೆ ಗರಾಜಿನ ಬೆಂಚು, ಸ್ಪ್ರಿಂಗನ್ನು ಒತ್ತುತ್ತಿದ್ದ ಆ ಬೆರಳು ಎದುರು ಬಂದು ನಿಂತವು. "ಅದಕ್ಕೇನಾ ಗಟ್ಟಿ ಕ್ಲಚ್ಚು?"

"ಮೆತ್ತಗಿನದ್ದರಲ್ಲಿ ಕಾಲು ಪೆಡಲಿನ ಮೇಲೆ ಉಂಟಾ ಕೆಳಗೆ ಉಂಟಾ ಅಂತ ತಿಳಿಯುದಿಲ್ಲ ಮಾರಾಯ್ತಿ. ಮೇಲೆಯೇ ಉಳೀತದೆ. ಅದಕ್ಕೇ ಸುಡುದು. ಇದು ಹಾಗಲ್ಲ, ಒದೀತದೆ. ಪಾದ ಹೋದ್ರೂ ಮೊಣಕಾಲು ಉಂಟಲ್ಲ, ಅಲ್ಲಿಗೆ ಗೊತ್ತಾಗ್ತದೆ."

ಅದನ್ನು ಅವನು ಒಂದು ಒಳ್ಳೆಯ ಉಪಾಯದ ಹಾಗೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ನಾಳೆಯೇ ಡಾಕ್ಟರ್ ಹತ್ತಿರ ಹೋಗುವ. ರೂಪೇಶನಿಗೆ ಹೇಳ್ತೇನೆ."

"ಹೇಳಿದ್ರೆ ಮುಗೀತು. ದೀಪಾವಳಿ ಕಳೆದ ಮೇಲೆ ನನ್ನ ವೀಸಾ ಹೊಸದಾಗಬೇಕು. ಗಾಡಿ ಬಿಡ್ಲಿಕ್ಕೆ ಆಗದ ಸೂಪರ್‌ವೈಸರನ್ನು ಯಾರು ಇಟ್ಟುಕೊಳ್ತಾರೆ? ನನ್ನದು ಹೋದ್ರೆ ನಿನ್ನದೂ ಹೋಯ್ತು. ಅನಿಷಾನನ್ನು ಬಿಟ್ಟು ಹೋಗ್ತೀಯಾ ನೀನು? ವೀಸಾ ಆಗುವವರೆಗೆ ಸುಮ್ಮನಿರು. ಆಮೇಲೆ ನಾನೇ ಹೇಳ್ತೇನೆ."

"ಮಗುವನ್ನು ಕೂರಿಸಿಕೊಂಡು ಹೋಗ್ತೀರಲ್ಲ, ಅದಕ್ಕೆ?"

"ಕ್ಲಚ್ಚು ಎಡಗಾಲಿಗೆ. ಬ್ರೇಕು ಬಲಗಾಲಿಗೆ. ಬಲಗಾಲು ಸರಿ ಉಂಟು." ಅವನು ಮಂಟಪದ ಕಡೆ ನೋಡಿದ. "ದೀಪ ಮುಟ್ಟಿ ಹೇಳು, ಯಾರಿಗೂ ಹೇಳುದಿಲ್ಲ ಅಂತ."

ಮೂವತ್ತು ವರ್ಷದಲ್ಲಿ ಅವನು ಅವಳ ಹತ್ತಿರ ಕೇಳಿದ್ದು ಕಡಿಮೆ. ಲೀಲಾಕ್ಷಿ ದೀಪದ ಬುಡ ಮುಟ್ಟಿದಳು. ಹಿತ್ತಾಳೆ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ತನಗೆ ತಿಳಿಯುತ್ತಿದೆಯಲ್ಲ ಎಂದು ಅವಳ ಕಣ್ಣಲ್ಲಿ ನೀರು ಬಂತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನದಿಂದ ಅವಳು ಬೆಳಿಗ್ಗೆ ಜೀಪಿನಲ್ಲಿ ಗಂಡನ ಪಕ್ಕ ಕೂರತೊಡಗಿದಳು. ಶಾಲೆಯ ಹತ್ತಿರದ ಅಂಗಡಿಗೆ ಬಸಳೆ ಹೊಸತು ಬರುತ್ತದೆ ಎಂದು ಕಾರಣ ಹೇಳಿದಳು. ಕುಳಿತವಳು ದಾರಿ ನೋಡುತ್ತಿರಲಿಲ್ಲ, ಅವನ ಎಡ ಮೊಣಕಾಲನ್ನೇ ನೋಡುತ್ತಿದ್ದಳು. ಗಟ್ಟಿ ಸ್ಪ್ರಿಂಗು ಹೆಚ್ಚಿನ ಸಲ ಪಾದವನ್ನು ತಳ್ಳಿಬಿಡುತ್ತಿತ್ತು. ಕೆಲವು ಸಲ ಪಾದ ಪೆಡಲಿನ ಮೇಲೆಯೇ ಉಳಿದು ಮೊಣಕಾಲು ಎದ್ದ ಹಾಗೆಯೇ ನಿಲ್ಲುತ್ತಿತ್ತು. ಆಗ ಅವಳು ಮೆಲ್ಲಗೆ "ಕಾಲು" ಎನ್ನುತ್ತಿದ್ದಳು. ಅವನು ತೆಗೆಯುತ್ತಿದ್ದ. ಬಾಯಲ್ಲಿ ವಿಷ್ಣುಸಹಸ್ರನಾಮ, ನಡುನಡುವೆ ಕಾಲು, ಮತ್ತೆ ನಾಮ. ಶಾಲೆಯ ಗೇಟಿನಲ್ಲಿ ಅನಿಷಾ ಇಳಿದ ಮೇಲೆ ಅವಳೂ ಇಳಿದು, ದೇವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಬಸಳೆ ಹಿಡಿದು ನಡೆದು ಮನೆಗೆ ಬರುತ್ತಿದ್ದಳು. ಜೀಪು ಕ್ಯಾಂಪಿನ ಕಡೆ ತಿರುಗಿ ಹೋಗುತ್ತಿತ್ತು. ಅದನ್ನು ಅವಳು ತಿರುಗಿ ನೋಡುತ್ತಿರಲಿಲ್ಲ.

ಮನೆಯಲ್ಲಿ ಬೆಳಗಿನ ಕೆಲಸವೆಲ್ಲ ಅಶ್ಮಿತಾಳ ಮೇಲೆ ಬಿತ್ತು.

"ದಿನಾ ಬಸಳೆ ಯಾರು ತಿನ್ನುದು ಅತ್ತೆ?" ಎಂದಳು ಒಂದು ದಿನ, ದೋಸೆ ಮಗುಚುತ್ತ. "ನನಗೆ ಎಂಟು ಗಂಟೆಗೆ ಆಫೀಸು. ಚಟ್ನಿ ರುಬ್ಬಿ, ಟಿಫಿನ್ ಕಟ್ಟಿ, ಪಾತ್ರೆ ತೊಳೆದು ಹೋಗುವಾಗ ಬಸ್ಸು ತಪ್ತದೆ. ನೀವು ಗಾಡಿಯಲ್ಲಿ ಸವಾರಿ."

"ನಾಳೆಯಿಂದ ಚಟ್ನಿ ನಾನು ರುಬ್ಬಿಟ್ಟೇ ಹೋಗ್ತೇನೆ."

"ಚಟ್ನಿಯ ಪ್ರಶ್ನೆ ಅಲ್ಲ ಅತ್ತೆ. ನನಗೆ ಬಿಡ್ಲಿಕ್ಕೆ ಆಗದ ಗಾಡಿ, ನಿಮಗೆ ತಿರುಗಾಡ್ಲಿಕ್ಕೆ ಆಗ್ತದೆ."

"ಅಶ್ಮಿ, ಸಾಕು," ಎಂದ ರೂಪೇಶ ಶರಟಿನ ಗುಂಡಿ ಹಾಕುತ್ತ.

"ನನಗೆ ಸಾಕು ಅಂತೀರಿ. ಅವರಿಗೆ ಯಾರೂ ಎಂತದೂ ಹೇಳುದಿಲ್ಲ."

ಅನಿಷಾ ಬಾಯಿ ತುಂಬ ದೋಸೆ ಇಟ್ಟುಕೊಂಡು ಹೇಳಿದಳು, "ಮಮ್ಮಿ, ಯು ನೋ, ಅಜ್ಜಿ ಕಾರಲ್ಲಿ ಕಾಲು ಕಾಲು ಅಂತಾರೆ. ಎವ್ರಿ ಡೇ. ಅಜ್ಜ ವೆರಿ ನಾಟಿ, ಕಾಲು ತೆಗೀಲಿಕ್ಕೆ ಮರೀತಾರೆ."

 ರೂಪೇಶ ತಾಯಿಯ ಕಡೆ ತಿರುಗಿದ. "ಎಂತ ಅಮ್ಮ ಅದು?"

"ನನ್ನ ಕಾಲು ಮಗ," ಎಂದಳು ಲೀಲಾಕ್ಷಿ. "ಕೂತು ಕೂತು ಜೋಮು ಹಿಡಿತದೆ. ಅದಕ್ಕೆ ಹೇಳುದು."

ಅವಳು ಮಗನಿಗೆ ಹೇಳಿದ ಮೊದಲ ಸುಳ್ಳು ಅದು.  ವಸಂತಕುಮಾರ ಅವಳ ತಟ್ಟೆಯ ಹತ್ತಿರ ನೀರಿನ ಲೋಟ ಸರಿಸಿದ.

ನವರಾತ್ರಿಯ ಹೊತ್ತಿಗೆ ಬಿಸಿಲು ಇಳಿದಿತ್ತು. ಮನೆಯೊಳಗೆ ಮಾತು ಇಳಿದಿತ್ತು. ವೀಸಾಕ್ಕೆ ಇನ್ನು ಸ್ವಲ್ಪ ದಿನ ಎಂದು ಲೀಲಾಕ್ಷಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಂದು ಮಂಗಳವಾರ ಶಾಲೆಗಿಂತ ಮೊದಲಿನ ರೌಂಡಬೌಟಿನಲ್ಲಿ ಎದುರಿನ ಬಿಳಿ ವ್ಯಾನು ನಿಂತಿತು. ಅದರ ಹಿಂದಿನ ಗಾಜಿನಲ್ಲಿ ಶಾಲೆಯ ಮಕ್ಕಳು ನಾಲಿಗೆ ಚಾಚಿ ಅನಿಷಾಳನ್ನು ಅಣಕಿಸುತ್ತಿದ್ದರು. ವಸಂತಕುಮಾರ ಬ್ರೇಕು ಒತ್ತಿದ. ಜೀಪು ನಿಧಾನವಾಗುವುದರ ಬದಲು ಒಮ್ಮೆಲೇ ಗುಡುಗಿತು. ಮಕ್ಕಳ ಮುಖಗಳು ಗಾಜಿನಲ್ಲಿ ದೊಡ್ಡದಾಗುತ್ತ ಬಂದವು. ನಾಲಿಗೆಗಳು ಒಳಗೆ ಹೋದವು. ಅವನು ಕೈಬ್ರೇಕು ಎಳೆದ. ಜೀಪು ಮುಗ್ಗರಿಸಿ, ವ್ಯಾನಿನ ಬಂಪರಿಗೆ ಒಂದು ಗೇಣು ಇರುವಾಗ ಸತ್ತು ನಿಂತಿತು.

"ಶೂ ಅಗಲ ಆಯ್ತು," ಎಂದ ಅವನು. "ಎಕ್ಸಿಲೇಟರಿಗೂ ತಾಗಿತು."

ಅನಿಷಾ ಹಿಂದಿನಿಂದ ಚಪ್ಪಾಳೆ ತಟ್ಟಿದಳು.

ಆ ಸಂಜೆ ಲೀಲಾಕ್ಷಿ ತೆಂಗಿನೆಣ್ಣೆಯ ಬಟ್ಟಲು ಹಿಡಿದು ಗಂಡನ ಕಾಲ ಬುಡದಲ್ಲಿ ಕುಳಿತಳು. ಬೊಬ್ಬೆ ಎದ್ದಂದಿನಿಂದ ಅದು ದಿನದ ಸೇವೆ. ಅವನು ಪತ್ರಿಕೆ ಓದುತ್ತಿದ್ದ. ಅವಳು ಎಡಗಾಲಿಗೆ ಹಚ್ಚಿದಳು. ಆಮೇಲೆ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನ ಬುಡದಲ್ಲಿ ಉಗುರು ಒತ್ತಿದಳು. ಅವನು ಪುಟ ತಿರುಗಿಸಿದ. ಅವಳು ಸೆರಗಿನ ಪಿನ್ನು ಬಿಚ್ಚಿ, ದೇವರ ಹೆಸರು ಹೇಳಿ, ಅದರ ಮೊನೆಯನ್ನು ಅಂಗಾಲಿನ ನಡುವಿಗೆ ಮುಟ್ಟಿಸಿದಳು. ಸ್ವಲ್ಪ ಒತ್ತಿದಳು. ಒಂದು ಕೆಂಪು ಹನಿ ಹುಟ್ಟಿ ಎಣ್ಣೆಯಲ್ಲಿ ಹರಡಿತು.

"ಎಡದ್ದು ಸಾಕು," ಎಂದ ಅವನು ಪತ್ರಿಕೆಯ ಹಿಂದಿನಿಂದ. "ಬಲದ್ದಕ್ಕೂ ಸ್ವಲ್ಪ ಹಚ್ಚು."

ಲೀಲಾಕ್ಷಿ ಪಿನ್ನು ತೆಗೆದು ಪತ್ರಿಕೆಯನ್ನು ಕೆಳಗೆ ಸರಿಸಿದಳು. ತನ್ನ ತೊಡೆಯ ಮೇಲಿದ್ದ ಕಾಲು ಯಾವುದು ಎಂದು ಅವನಿಗೆ ತೋರಿಸಿದಳು. ಅವನು ಆ ಹನಿಯನ್ನು ಬಹಳ ಹೊತ್ತು ನೋಡಿದ.

"ಎಡಗಾಲಿಗೆ ಗಟ್ಟಿ ಕ್ಲಚ್ಚು ಹಾಕಿಸಿದ್ರಿ," ಎಂದಳು. "ಬಲಗಾಲಿಗೆ ಎಂತ ಹಾಕಿಸ್ತೀರಿ?"

ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಮಗುವಿನ ಹಾಗೆ, "ದೀಪ ಮುಟ್ಟಿದ್ದೀ ನೀನು," ಎಂದ.

"ಮುಟ್ಟಿದ್ದೇನೆ."

ಬೆಳಿಗ್ಗೆ ಸ್ನಾನ ಮಾಡಿ ಬಂದು ಅವಳು ಮಂಟಪದ ಎದುರು ನಿಂತಳು. ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಹಚ್ಚಿದಳು. ಎಂದಿನ ಶ್ಲೋಕ ಬಾಯಿಗೆ ಬರಲಿಲ್ಲ. "ನಿನ್ನನ್ನು ಮುಟ್ಟಿ ಕೊಟ್ಟ ಮಾತನ್ನು ಮುರೀತೇನೆ. ಅದರ ಫಲ ನನಗೊಬ್ಬಳಿಗೇ ಬರಲಿ," ಎಂದು ಮನೆಯ ಮಾತಿನಲ್ಲೇ ದೇವರಿಗೆ ಹೇಳಿ ಊಟದ ಮೇಜಿಗೆ ಬಂದಳು. ಎಲ್ಲರೂ ಇದ್ದರು. ಅನಿಷಾ ಬೆನ್ನಿಗೆ ಚೀಲ ಏರಿಸಿ ಕೂತಿದ್ದಳು.

"ರೂಪೇಶ, ನಿನ್ನ ಅಪ್ಪನಿಗೆ ಎರಡು ಕಾಲಿನಲ್ಲೂ ಸ್ಪರ್ಶ ಇಲ್ಲ. ಬ್ರೇಕು ಎಲ್ಲುಂಟು ಅಂತ ಗೊತ್ತಾಗುದಿಲ್ಲ. ನನಗೆ ಮೊದಲೇ ಗೊತ್ತಿತ್ತು, ಹೇಳ್ಲಿಲ್ಲ."

ಅಶ್ಮಿತಾಳ ಕೈಯ ಸೌಟು ನಿಂತಿತು. "ಅದಕ್ಕೇನಾ ಆ ಕ್ಲಚ್ಚು..." ಎಂದವಳು ಮಾತು ಮುಗಿಸಲಿಲ್ಲ. ಮಾವನ ಕಡೆ ನೋಡಿದಳು, ಮಗಳ ಕಡೆ ನೋಡಿದಳು.

"ಅಪ್ಪ?" ಎಂದ ರೂಪೇಶ.

ವಸಂತಕುಮಾರ ಎದ್ದು ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡ. ಹೆಂಡತಿಯನ್ನು ನೋಡಲಿಲ್ಲ. "ಬಾ ಮಗಾ, ಹೊತ್ತಾಯ್ತು," ಎಂದು ಕೈ ಚಾಚಿದ. ಅನಿಷಾ ಎಂದಿನಂತೆ ಕುರ್ಚಿಯಿಂದ ಜಾರಿ ಅವನ ಕಡೆ ನಡೆದಳು. ಅಶ್ಮಿತಾ ಮಗುವಿನ ಚೀಲವನ್ನು ಹಿಂದಿನಿಂದ ಹಿಡಿದಳು, ಚೀಲದ ಪಟ್ಟಿ ಕಿತ್ತುಬರುವಷ್ಟು ಬಿಗಿಯಾಗಿ.

ವಸಂತಕುಮಾರನ ಕೈ ಹಾಗೆಯೇ ಚಾಚಿತ್ತು. ಆಮೇಲೆ ಅದನ್ನು ಮಡಚಿ, ಒಬ್ಬನೇ ಮೆಟ್ಟಿಲಿಳಿದು ಹೋದ. ರೂಪೇಶ ಹಿಂದೆಯೇ ಓಡಿದ. ಅವನು ಕೆಳಗೆ ಮುಟ್ಟುವಾಗ ಜೀಪು ಒಮ್ಮೆ ಜಿಗಿದು ರಸ್ತೆಗೆ ಬಿದ್ದಿತ್ತು.

ಏದುಸಿರು ಬಿಡುತ್ತ ಮೇಲೆ ಬಂದವನು ಹೇಳಿದ, "ಹೋಗ್ಲಿ ಅಮ್ಮ. ಅನಿಷಾ ಇಲ್ಲವಲ್ಲ ಅದರಲ್ಲಿ. ಸಂಜೆ ಕೂತು ಮಾತಾಡುವ."

ಲೀಲಾಕ್ಷಿ ಆಗಲೇ ಫೋನಿನ ಹತ್ತಿರ ನಿಂತಿದ್ದಳು. "ಕ್ಯಾಂಪಿನಲ್ಲಿ ನಾಲ್ಕು ಜನ ಕಾಯ್ತಾ ಇದ್ದಾರೆ ರೂಪೇಶ. ಅವರನ್ನೂ ಯಾರೋ ಹೆತ್ತಿದ್ದಾರೆ. ಇಷ್ಟು ದಿನ ಗೇಟಿನಲ್ಲಿ ಇಳಿದು ನಾನು ಬಸಳೆ ತಂದೆ. ಜಯರಾಜನ ನಂಬರು ಒತ್ತಿಕೊಡು."

"ಆಫೀಸಿಗಾ? ಅಮ್ಮ, ಮ್ಯಾನೇಜರಿಗೆ ಹೇಳಿದ್ರೆ ಅಪ್ಪನ ಕೆಲಸ ಹೋಗ್ತದೆ. ನಿಮ್ಮಿಬ್ಬರ ವೀಸಾ..."

"ಒತ್ತಿಕೊಡು."

ಅವನು ಒತ್ತಿದ. ಮ್ಯಾನೇಜರ್ ಜಯರಾಜ ಊರಿನ ಕಡೆಯವನೇ, ಪುತ್ತೂರಿನವನು. ಲೀಲಾಕ್ಷಿ ಅವನಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಅಳದೆ ಹೇಳಿದಳು. ಮೇಸ್ತ್ರಿಗಳನ್ನು ಜೀಪಿಗೆ ಹತ್ತಿಸಬೇಡಿ, ಇವರ ಹತ್ತಿರದಿಂದ ಕೀಲಿ ತೆಗೆದುಕೊಳ್ಳಿ ಎಂದಳು.  "ಅಕ್ಕ, ನೀವು ಎಂತ ಹೇಳ್ತಿದ್ದೀರಿ ಅಂತ ನಿಮಗೆ ಗೊತ್ತುಂಟಲ್ಲ?" ಎಂದ ಜಯರಾಜ. "ಗೊತ್ತುಂಟು ಮಗ," ಎಂದು ಅವಳು ಫೋನಿಟ್ಟಳು.

ಅಂದು ಮಗನೂ ಸೊಸೆಯೂ ಕೆಲಸಕ್ಕೆ ಹೋಗಲಿಲ್ಲ. ಅಶ್ಮಿತಾ ಮಗುವನ್ನು ಟ್ಯಾಕ್ಸಿಯಲ್ಲಿ ಶಾಲೆಗೆ ಬಿಟ್ಟು ಬಂದು, ಕೇಳದೆಯೇ ಅತ್ತೆಗೆ ಚಹಾ ಮಾಡಿ ಕೈಗೆ ಕೊಟ್ಟಳು. ಲೀಲಾಕ್ಷಿ ಅದನ್ನು ಹಿಡಿದುಕೊಂಡೇ ಫೋನಿನ ಪಕ್ಕ ಕುಳಿತಳು. ಬರುವುದು ಜಯರಾಜನ ಫೋನೋ, ಪೊಲೀಸರದ್ದೋ, ಆಸ್ಪತ್ರೆಯದ್ದೋ ಎಂದು ತಿಳಿಯುವಂತಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು.

ಫೋನು ಬಂದಾಗ ಆ ಕಡೆ ಇದ್ದದ್ದು ಅವನೇ. ಹಮದ್ ಟೌನಿನ ಸೈಟಿನಿಂದ.

"ಕ್ಯಾಂಪಿನಲ್ಲಿ ಯಾರೂ ಹತ್ತಲಿಲ್ಲ. ಇಲ್ಲಿಗೆ ಬಂದು ಕೀಲಿ ಕೊಟ್ಟೆ," ಎಂದ. ಬೈಯಲಿಲ್ಲ. "ಇಲ್ಲಿ ಎಲ್ಲರೂ ನನ್ನ ಕಾಲನ್ನೇ ನೋಡ್ತಾರೆ ಲೀಲಾ. ಈಗ ಮನೆಗೆ ಹೇಗೆ ಬರುದು ನಾನು?"

"ಅಲ್ಲೇ ಇರಿ. ಬರ್ತೇನೆ."

ಅವಳೂ ರೂಪೇಶನೂ ಟ್ಯಾಕ್ಸಿ ಹಿಡಿದು ಹೋದರು. ದಾರಿಯುದ್ದಕ್ಕೂ ರೌಂಡಬೌಟುಗಳು. ಪ್ರತಿಯೊಂದರಲ್ಲೂ ಅವಳು ಪೆಟ್ಟಾದ ಗಾಡಿಯನ್ನು ಹುಡುಕಿದಳು. ಇರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡಳು.

ವಸಂತಕುಮಾರ ರಿಪೇರಿ ಅರ್ಧ ಆಗಿದ್ದ ಒಂದು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಮೇಸ್ತ್ರಿಗಳು ಬಿಚ್ಚಿದ ಹಲಗೆಗಳು ಅಂಗಳದಲ್ಲಿ ಚೆಲ್ಲಾಪಿಲ್ಲಿ ಬಿದ್ದಿದ್ದವು. ಕೀಲಿ ಕೊಟ್ಟ ಮೇಲೆ ಮಾಡಲು ಕೆಲಸವಿಲ್ಲದೆ ಅವನು ಅವುಗಳ ನಡುವೆ ಅತ್ತಿಂದಿತ್ತ ನಡೆಯುತ್ತಲೇ ಇದ್ದನಂತೆ. ಹೆಂಡತಿಯನ್ನು ಕಂಡು ಸ್ವಲ್ಪ ಸರಿದು ಜಾಗ ಕೊಟ್ಟ. ಅವಳು ಪಕ್ಕದಲ್ಲಿ ಕುಳಿತಳು. 

ಅವನು ಏಳಲು ಹೊರಟಾಗ ಬಲಗಾಲಿನ ಜೊತೆ ಒಂದು ತುಂಡು ಹಲಗೆಯೂ ಎದ್ದಿತು.

ಲೀಲಾಕ್ಷಿ ಬಗ್ಗಿದಳು. ಹಲಗೆ ಶೂವಿಗೆ ಅಂಟಿಕೊಂಡಿತ್ತು. ಅದರ ಮೊಳೆ ಅಟ್ಟೆಯನ್ನು ತೂರಿ ಒಳಗೆ ಹೋಗಿತ್ತು. ರೂಪೇಶ ಓಡಿ ಬಂದು ಅಪ್ಪನ ಭುಜ ಹಿಡಿದ. ಅವಳು ಲೇಸು ಬಿಚ್ಚಿ ನೋಡಿದಳು. ಬಿಳಿ ಕಾಲುಚೀಲ ಹಿಮ್ಮಡಿಯವರೆಗೆ ರಕ್ತದಿಂದ ಕಪ್ಪಾಗಿ, ಒಣಗಿ, ಗಟ್ಟಿಯಾಗಿತ್ತು.

ವಸಂತಕುಮಾರ ಒಮ್ಮೆ ಅದನ್ನು ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ.

"ಇದು ಯಾವಾಗ ಲೀಲಾ?" ಎಂದು ಅವಳನ್ನು ಕೇಳಿದ.